ಹೆಸರು ಕರೆದರೆ ಓಗೊಡುವ ಮಗು: ಬೀದರ್ ಸೀಮೆಯ ಒಂದು ಥ್ರಿಲ್ಲರ್ ಧಾರಾವಾಹಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಹತ್ತು ಕಂತುಗಳ ಒಂದು ಕನ್ನಡ ಥ್ರಿಲ್ಲರ್ ಬರೆಯುವಾಗ, ಚಿತ್ರೀಕರಿಸುವಾಗ ಎಲ್ಲಿ ಗಂಟು ಬಿತ್ತು, ಹೇಗೆ ಬಿಚ್ಚಿಕೊಂಡಿತು ಎಂಬುದರ ದಾಖಲೆ ಇದು. ವಾರಾಂತ್ಯದ ಒಂದು ತಾಸಿನ ಸ್ಲಾಟ್. ಜಾಹೀರಾತು ಕಳೆದರೆ ಕಂತಿಗೆ ಸುಮಾರು 44 ನಿಮಿಷ. ಹಳೆ ವಾಡೆ, ಆಸ್ತಿ, ದೆವ್ವ, ಮೂರು ತಲೆಮಾರು ಮುಚ್ಚಿಟ್ಟ ಗುಟ್ಟು ಎಲ್ಲವೂ ಇದರಲ್ಲಿವೆ. ಕಥೆ ನಡೆಯುವುದು ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಧಾರಾವಾಹಿ, ವಾಹಿನಿ, ಊರು, ತಂಡದವರ ಹೆಸರುಗಳನ್ನು ಇಲ್ಲಿ ಬಿಟ್ಟಿದೆ. ಪಾತ್ರದ ಹೆಸರನ್ನೂ ಬದಲಿಸಿದೆ.

ಕಥೆ ಶುರುವಾಗುವುದು ಒಂದು ಕಂದಾಯದ ಕೆಲಸದಿಂದ. ಮನೆಯ ಹಿರಿಯಜ್ಜಿ ತೀರಿಕೊಂಡಿದ್ದಾಳೆ. ಮಂದಿಗೆಲ್ಲ ಆಕೆ ‘ಆಯಿ’. ಪಹಣಿಯಲ್ಲಿರುವ ಹೆಸರನ್ನು ನೀಲಮ್ಮ ಎಂದಿಟ್ಟುಕೊಳ್ಳೋಣ. ಹೊಲ ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆ ಆಗಬೇಕು, ಅದಕ್ಕೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ಪುಣೆಯಲ್ಲಿ ನೌಕರಿಯಲ್ಲಿರುವ ಮೊಮ್ಮಗಳು ಅದಕ್ಕೆಂದೇ ಊರಿಗೆ ಬರುತ್ತಾಳೆ. ವಿಚಾರಣೆಗೆ ಬಂದ ತಲಾಠಿ, ಅಂದರೆ ಊರಿನ ಕಂದಾಯ ಲೆಕ್ಕಿಗ, ಪಡಸಾಲೆಯಲ್ಲಿ ಕೂತು ಸತ್ತವಳ ಹೆಸರನ್ನು ಗಟ್ಟಿಯಾಗಿ ಓದುತ್ತಾನೆ. ಒಳಗಿನ ಕತ್ತಲೆ ಕೋಣೆಯಿಂದ ಮಗುವಿನ ದನಿಯೊಂದು “ಓ…” ಅನ್ನುತ್ತದೆ. ಆ ಮನೆಯಲ್ಲಿ ಮಕ್ಕಳೇ ಇಲ್ಲ.

ಹಿಂದೆ ನಡೆದದ್ದು ಇಷ್ಟು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಆರು ವರ್ಷದ ನೀಲಮ್ಮನ ಹೆಸರಿಗೆ ಆಸ್ತಿ ಬಂದಿತ್ತು, ಸೋದರತ್ತೆ ಪಾಲಕಿ. ಅದೇ ಮಳೆಗಾಲದಲ್ಲಿ ಮಗು ಸುರಂಗ ಬಾವಿಯ (ನೆಲದಡಿ ಕೊರೆದ ಹಳೆಯ ನೀರಿನ ಕಾಲುವೆ) ಗಾಳಿಕಿಂಡಿಯೊಳಗೆ ಬಿದ್ದು ಸಾಯುತ್ತದೆ. ಸುದ್ದಿ ಹೊರಬಿದ್ದರೆ ಆಸ್ತಿ ದಾಯಾದಿಗಳ ಪಾಲು. ಅತ್ತೆ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ, ಮಗುವಿಗೆ ಸಿಡುಬು ಎದ್ದಿದೆ, ಯಾರೂ ಒಳಗೆ ಬರಬ್ಯಾಡ್ರಿ ಅನ್ನುತ್ತಾಳೆ. ಆಮೇಲೆ ಔಷಧದ ನೆಪದಲ್ಲಿ ಊರು ಬಿಡುತ್ತಾಳೆ. ಕೆಲವು ವರ್ಷಗಳ ನಂತರ ಆಕೆಯ ಜೊತೆ ಮರಳಿ ಬಂದ ಹುಡುಗಿಯ ಮುಖದ ತುಂಬ ಸಿಡುಬಿನ ಕಲೆ. ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ಯಾರದೋ ತಬ್ಬಲಿ ಮಗು ಅದು. ಊರು ಆಕೆಯನ್ನು ನೀಲಮ್ಮ ಎಂದೇ ಒಪ್ಪಿಕೊಂಡಿತು. ಆಯಿ ಎಂದರೆ ಆಕೆಯೇ.

ಸಮಸ್ಯೆ

ಮೊದಲ ನಾಲ್ಕು ಕಂತುಗಳ ಒರಟು ಎಡಿಟ್ ಅನ್ನು ಕಲಬುರಗಿಯಲ್ಲಿ ಬೇರೆ ಬೇರೆ ವಯಸ್ಸಿನ ಒಂದು ಸಣ್ಣ ಗುಂಪಿಗೆ ತೋರಿಸಲಾಯಿತು. ಮೂರನೇ ಕಂತು ಮುಗಿಯುವ ಹೊತ್ತಿಗೆ ಹೆಚ್ಚಿನವರು “ಆಯಿ ಖರೇ ನೀಲಮ್ಮ ಅಲ್ಲ ಬಿಡ್ರಿ” ಅಂದುಬಿಟ್ಟರು. ಏಳನೇ ಕಂತಿಗೆಂದು ಕಾದಿಟ್ಟ ಗುಟ್ಟು ಅಲ್ಲಿಗೇ ರಟ್ಟಾಯಿತು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿರಲಿಲ್ಲ. ಮೊದಲ ಕರಡಿನಲ್ಲಿ ದೆವ್ವಕ್ಕೆ ಎಲ್ಲವೂ ಗೊತ್ತಿತ್ತು. ಎರಡನೇ ಕಂತಿನಲ್ಲಿ ಆಯಿಯ ಫೋಟೋ ಬೀಳಿಸುತ್ತದೆ, ಮೂರರಲ್ಲಿ ಆಯಿಯ ಮದುವೆ ಸೀರೆಗೆ ಬೆಂಕಿ ಹಚ್ಚುತ್ತದೆ. ದೆವ್ವಕ್ಕೆ ಆಯಿಯ ಮೇಲೆ ಸಿಟ್ಟಿದೆ ಎಂದು ತಿಳಿದ ಕ್ಷಣ ನೋಡುಗರಿಗೆ ಉಳಿದದ್ದೆಲ್ಲ ಹೊಳೆಯುತ್ತದೆ. ಆರು ವರ್ಷದಲ್ಲಿ ಸತ್ತ ಮಗುವಿಗೆ, ತಾನು ಸತ್ತ ಮೇಲೆ ಬಂದ ಹುಡುಗಿಯ ಮದುವೆ ಸೀರೆ ಯಾವುದೆಂದು ಗೊತ್ತಾಗುವುದಾದರೂ ಹೇಗೆ? ಈ ಪ್ರಶ್ನೆಯನ್ನು ಬರಹಗಾರರ ಮೇಜಿನಲ್ಲಿ ಆವರೆಗೆ ಯಾರೂ ಕೇಳಿರಲಿಲ್ಲ.

ಎರಡನೇ ಪೆಟ್ಟು ವಕೀಲರಿಂದ ಬಂತು. ಆ ಕರಡಿನಲ್ಲಿ ಮಗುವನ್ನು ಅದಲುಬದಲು ಮಾಡುವವಳು ವಿಧವೆ ತಾಯಿ. ಸ್ಕ್ರಿಪ್ಟ್ ಓದಿದ ವಕೀಲರು, ತಾಯಿಗೆ ಸಾವು ಮುಚ್ಚಿಡುವ ಗರಜೇ ಇಲ್ಲ ಅಂದರು. ಆಗ ನಡೆಯುತ್ತಿದ್ದ, ಹಿಂದೂ ವಾರಸಾ ಕಾನೂನಿನ ಮಿತಾಕ್ಷರ ಪದ್ಧತಿಯಲ್ಲಿ, ಪಾಲಾಗಿ ಬೇರೆಯಾದವನು ಗಂಡುಮಕ್ಕಳಿಲ್ಲದೆ ಸತ್ತರೆ ಆಸ್ತಿ ಮೊದಲು ಹೆಂಡತಿಗೆ ಹೋಗುತ್ತಿತ್ತು, ಆಕೆ ಇಲ್ಲದಿದ್ದರೆ ಮಗಳಿಗೆ. ತಾಯಿ ಬದುಕಿದ್ದರೆ ಆಸ್ತಿ ಆಕೆಯ ಕೈಯಲ್ಲೇ ಇರುತ್ತದೆ. ಮಗಳು ಸತ್ತರೂ ಅದು ತಕ್ಷಣ ಕೈ ತಪ್ಪುವುದಿಲ್ಲ. ಇಡೀ ಕಥೆ ನಿಂತಿದ್ದ ಕಂಬವೇ ಟೊಳ್ಳು. ಆಸ್ತಿಯ ಗುಟ್ಟನ್ನು ಕಥೆ ಮಾಡುವವರು ಆ ಕಾಲದ, ಆ ಸೀಮೆಯ ವಾರಸಾ ಕಾನೂನನ್ನು ಒನ್‌ಲೈನ್ (ಕಥೆಯ ಒಂದು ಸಾಲಿನ ಸಾರಾಂಶ) ಬರೆಯುವ ಮೊದಲೇ ನೋಡಬೇಕು. ಇಲ್ಲಿ ನೋಡಿದ್ದು ನಾಲ್ಕು ಕಂತು ಎಡಿಟ್ ಆದ ಮೇಲೆ. ಅದರಿಂದ ಚಿತ್ರೀಕರಣದ ಒಂದು ಇಡೀ ಶೆಡ್ಯೂಲ್ ವ್ಯರ್ಥವಾಯಿತು.

ಮಾಡಿ ನೋಡಿದ್ದು

ವಾಹಿನಿ ಕಡೆಯಿಂದ ಬಂದ ಮೊದಲ ಸಲಹೆ ಇನ್ನಷ್ಟು ಹೆದರಿಸಿ ಎಂಬುದು. ಕಂತಿಗೆ ಎರಡು ಇದ್ದ ಬೆಚ್ಚಿಬೀಳಿಸುವ ದೃಶ್ಯಗಳು ಐದಾರು ಆದವು. ನೋಡುಗರ ಊಹೆ ಇದರಿಂದ ಒಂದು ಕೂದಲಷ್ಟೂ ಬದಲಾಗಲಿಲ್ಲ, ಹೆದರಿಕೆಯೂ ಹೆಚ್ಚಲಿಲ್ಲ. ಇದಕ್ಕೆ ತಾಂತ್ರಿಕ ಕಾರಣವೂ ಇತ್ತು. ಸ್ಟುಡಿಯೋದಲ್ಲಿ ಎದೆ ನಡುಗಿಸುತ್ತಿದ್ದ ಗುಡುಗಿನಂಥ ಕೆಳಸ್ತರದ ಸದ್ದು ಮನೆಯ ಟಿವಿಯ ಪುಟ್ಟ ಸ್ಪೀಕರಿನಲ್ಲಿ, ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲ. ಸದ್ದನ್ನು ಒಮ್ಮೆಗೇ ಏರಿಸಿದರೆ ವಾಹಿನಿಯ ಲೌಡ್‌ನೆಸ್ ಮಿತಿ ಅದನ್ನು ತಟ್ಟಿ ಚಪ್ಪಟೆ ಮಾಡುತ್ತದೆ. ಕೊನೆಗೆ ಬಾಸ್ ಪೂರ್ತಿ ತೆಗೆದು, 1ರಿಂದ 3 ಕಿಲೋಹರ್ಟ್ಸ್ ನಡುವೆ ಚೆನ್ನಾಗಿ ಕೇಳುವ ಮನೆಯ ಸದ್ದುಗಳನ್ನೇ ಬಳಸಿದರು: ಬಾಗಿಲ ಸರಪಳಿ, ಬಳೆ, ಫರಸಿಯ ಮೇಲೆ ಜಾರುವ ಹಿತ್ತಾಳೆ ತಂಬಿಗೆ. ‘ಓ’ ಎಂಬ ದನಿಗೆ ಪ್ರತಿಧ್ವನಿ ಹಾಕುವುದನ್ನೂ ಬಿಟ್ಟರು. ಪಕ್ಕದ ಕೋಣೆಯಿಂದ ಮಗು ಹೇಗೆ ಓಗೊಡುತ್ತದೋ ಹಾಗೆಯೇ, ಯಾವ ಪ್ರತಿಧ್ವನಿಯೂ ಇಲ್ಲದ ಬರೀ ದನಿಯಲ್ಲಿ. ಅದು ಹೆಚ್ಚು ಕಾಡಿತು.

ಎರಡನೇ ಯತ್ನ ಮಾಹಿತಿಯನ್ನು ಮುಚ್ಚಿಡುವುದು. ಆಯಿಯ ಮುಖದ ಕಲೆ ಕಾಣುವ ಶಾಟ್‌ಗಳನ್ನು ಕತ್ತರಿಸಿದರು, ಹಳೆಯ ಆಳುಮಗಳು ಬಾಯಿಬಿಡುವ ದೃಶ್ಯವನ್ನು ಎಂಟನೇ ಕಂತಿಗೆ ದೂಡಿದರು. ಈ ಸಲ ಗುಟ್ಟು ಉಳಿಯಿತು, ಆದರೆ ಅದು ಬಿಚ್ಚಿಕೊಂಡಾಗ ನೋಡುಗರಿಗೆ ಸಿಟ್ಟು ಬಂತು. ಸುಳಿವೇ ಕೊಡದೆ ಹೇಳಿದ ಗುಟ್ಟು ನೋಡುಗರಿಗೆ ಬರೀ ಸುದ್ದಿ. ತಮ್ಮ ಕಣ್ಣೆದುರೇ ಇತ್ತಲ್ಲ, ತಾವು ನೋಡಲಿಲ್ಲವಲ್ಲ ಎಂದು ಅನಿಸಬೇಕು.

ಮೂರನೆಯದಾಗಿ ಮಾಡಿದ ಕೆಲಸವೇ ಈ ಪ್ರಕರಣದ ತಿರುಳು. ಕಥೆಯನ್ನು ಬದಿಗಿಟ್ಟು ಗೋಡೆಗೆ ಒಂದು ಕೋಷ್ಟಕ ಅಂಟಿಸಿದರು. ಅಡ್ಡಸಾಲಿನಲ್ಲಿ ಪಾತ್ರಗಳು, ಮೇಲಿನಿಂದ ಕೆಳಕ್ಕೆ ವರ್ಷಗಳು. ಪ್ರತಿ ಖಾನೆಯಲ್ಲಿ ಮೂರು ಉತ್ತರ: ಆಗ ಆ ಪಾತ್ರಕ್ಕೆ ಏನು ಗೊತ್ತು, ಏನನ್ನು ತಪ್ಪಾಗಿ ನಂಬಿದೆ, ಗೊತ್ತಿದ್ದರೆ ಯಾಕೆ ಸುಮ್ಮನಿದೆ.

ದೆವ್ವದ ಸಾಲು ತುಂಬಲು ಹೋದಾಗ ನಿಯಮ ತಾನಾಗಿ ಹುಟ್ಟಿತು. ಸತ್ತ ಗಳಿಗೆಯವರೆಗೆ ಆ ಮಗುವಿಗೆ ಎಷ್ಟು ಗೊತ್ತಿತ್ತೋ ಅಷ್ಟೇ. ತಾನು ಸತ್ತಿದ್ದು ಗೊತ್ತಿಲ್ಲ. ತನ್ನ ಹೆಸರಿನಲ್ಲಿ ಇನ್ನೊಬ್ಬಳು ಬಾಳಿದ್ದು ಗೊತ್ತಿಲ್ಲ. ಸಿಟ್ಟಿಲ್ಲ, ಸೇಡಿಲ್ಲ. ಹೆಸರು ಕರೆದರೆ ಓಗೊಡುತ್ತದೆ, “ಅತ್ತಿ ಇನಾ ಬಂದಿಲ್ಲೇನು?” ಎಂದು ಕೇಳುತ್ತದೆ. ಹಾಲಿ ಸಿಕ್ಕಾದ (ನಿಜಾಮರ ನಾಣ್ಯ) ಪೈಸೆ ಗೊತ್ತು, ವಿದ್ಯುತ್ ದೀಪ ಗೊತ್ತಿಲ್ಲ. ಹೀಗಾಗಿ ಟ್ಯೂಬ್‌ಲೈಟ್ ಹೊತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಈ ನಿಯಮ ಬಂದ ಮೇಲೆ ದೆವ್ವದ ಮಾತಿನಿಂದ ಗುಟ್ಟು ಸೋರುವ ದಾರಿ ಮುಚ್ಚಿತು. ಜೊತೆಗೆ ಮಗುವಿನ ಮೇಲೆ ನೋಡುಗರಿಗೆ ಕರುಣೆ ಹುಟ್ಟಿತು. ಅದನ್ನು ಯಾರೂ ಯೋಜಿಸಿರಲಿಲ್ಲ.

ಇಷ್ಟು ವರ್ಷ ಇಲ್ಲದ ದೆವ್ವ ಈಗಲೇ ಯಾಕೆ ಬಂತು ಎಂಬ ತೊಡಕೂ ಇದರಲ್ಲೇ ಬಗೆಹರಿಯಿತು. ದೊಡ್ಡವರ ಹೆಸರನ್ನು ಮನೆಯಲ್ಲಿ ಯಾರೂ ಕರೆಯುವುದಿಲ್ಲ. ಮದುವೆಯಾದ ಮೇಲೆ ಆಕೆ ವೈನಿ, ಅವ್ವ, ಆಯಿ ಆದಳು. ‘ನೀಲಮ್ಮ’ ಎಂಬ ಶಬ್ದ ಆ ಗೋಡೆಗಳ ನಡುವೆ ಕೇಳಿಬಂದು ಐವತ್ತು ಅರವತ್ತು ವರ್ಷವಾಗಿದೆ. ವಂಶವೃಕ್ಷಕ್ಕಾಗಿ ತಲಾಠಿ ಅದನ್ನು ಓದಿದ, ಮಗು ಓಗೊಟ್ಟಿತು.

ಸುಮ್ಮನಿರುವ ಕಾರಣಗಳ ಖಾನೆಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ತಾಯಿಯ ಪಾತ್ರವನ್ನು ತೆಗೆದು ಸೋದರತ್ತೆಯನ್ನು ತಂದ ಮೇಲೆ ಕಾನೂನು ಸರಿಹೋಯಿತು. ಮಗಳಿಗೆ ಆಗ ಇದ್ದದ್ದು ಸೀಮಿತ ಹಕ್ಕು. ಆಕೆ ಸತ್ತರೆ ಆಸ್ತಿ ತಂದೆಯ ವಾರಸುದಾರರಿಗೆ ತಿರುಗುತ್ತಿತ್ತು, ಈ ಮನೆಯ ಲೆಕ್ಕದಲ್ಲಿ ದಾಯಾದಿಗಳಿಗೆ. ಹಾಗಾಗಿ ಅತ್ತೆಗೆ ‘ನೀಲಮ್ಮ’ ಬದುಕಿರಲೇಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಹೆಣ್ಣುಮಕ್ಕಳ ಸೀಮಿತ ಹಕ್ಕನ್ನು ಪೂರ್ಣ ಒಡೆತನ ಮಾಡಿತು. ಅಲ್ಲಿಂದ ಆಸ್ತಿ ದಾಯಾದಿಗಳಿಗೆ ತಿರುಗುವ ಮಾತಿಲ್ಲ, ಆಯಿಯ ಮಕ್ಕಳಿಗೇ ಹೋಗುತ್ತದೆ. ಗುಟ್ಟು ಕಾಯುವ ಭಾರ ಅತ್ತೆಯ ಹೆಗಲಿನಿಂದ ಆಯಿಯ ಹೆಗಲಿಗೆ ಬಂದದ್ದು ಆ ವರ್ಷ. ಬಾಲ್ಯದಲ್ಲಿ ಇನ್ನೊಬ್ಬರು ಹೊರಿಸಿದ ಸುಳ್ಳನ್ನು ಆಕೆ ಈಗ ತನ್ನ ಮಕ್ಕಳಿಗಾಗಿ ತಾನೇ ಹೊರುತ್ತಾಳೆ. ಆಯಿಯ ಪಾತ್ರ ಗಟ್ಟಿಯಾದದ್ದು ಇಲ್ಲಿ. ಊಹೆಯಲ್ಲೇ ವಿಷಯ ಹಿಡಿದಿದ್ದ ದಾಯಾದಿ ಮನೆಯ ಹಿರಿಯನಿಗೆ ಸುಗ್ಗಿಗೊಮ್ಮೆ ಎರಡು ಚೀಲ ಜೋಳ ಹೋಗುತ್ತಿತ್ತು. ಆಳುಮಗಳು ಬಾಯಿಬಿಡದಿರಲು ಆಕೆಗಿದ್ದ ಕಾರಣ ಪ್ರೀತಿ ಮಾತ್ರ.

ಸಾವನ್ನು 1948ರ ಸೆಪ್ಟೆಂಬರ್‌ಗೆ, ಅಂದರೆ ಪೊಲೀಸ್ ಕಾರ್ಯಾಚರಣೆಯ ದಿನಗಳಿಗೆ ಇಡಬೇಕೆಂಬ ಒತ್ತಾಯ ಬಲವಾಗಿತ್ತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಆ ವಾರ ಈ ಭಾಗಕ್ಕೆ ಬಿಡುಗಡೆಯೂ ಹೌದು, ಗಾಯವೂ ಹೌದು. ಬದುಕಿರುವ ಮನೆತನಗಳ ನೋವನ್ನು ದೆವ್ವದ ಹಿನ್ನೆಲೆಗೆ ಪರದೆಯಾಗಿ ಕಟ್ಟುವುದು ಬೇಡ ಎಂದು ತಂಡ ನಿರ್ಧರಿಸಿ ಸಾವನ್ನು 1946ರ ಮಳೆಗಾಲಕ್ಕೆ ಸರಿಸಿತು. ಸರಿಯಾದ ನಿರ್ಧಾರ. ಕಥೆಯ ದೃಷ್ಟಿಯಿಂದಲೂ ಲಾಭವಾಯಿತು: 1948 ಎಂದ ಕೂಡಲೇ ನೋಡುಗರು ಗಲಭೆ, ವಲಸೆ, ಕಳೆದುಹೋದ ಮಗು ಎಂದು ಮುಂದಿನದನ್ನು ತಾವೇ ಜೋಡಿಸಿಕೊಳ್ಳುತ್ತಿದ್ದರು.

ಒಂದು ಅಕ್ಷರದ ತಿರುವು

ದೆವ್ವ ಏನೂ ಹೇಳುವುದಿಲ್ಲ ಎಂದಾದ ಮೇಲೆ ಗುಟ್ಟು ಬೇರೆ ಕಡೆಯಿಂದ ಹೊರಬರಬೇಕಿತ್ತು. ಅದು ಸಿಕ್ಕಿದ್ದು ಈ ಸೀಮೆಯ ಹಳೆ ಮನೆಗಳ ಸಂದೂಕುಗಳಲ್ಲಿ ಇವತ್ತಿಗೂ ಇರುವಂಥ ಕಾಗದದಲ್ಲಿ.

ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಆಡಳಿತ ಕನ್ನಡಕ್ಕೆ ತಿರುಗಿತು. ಅಜ್ಜ ಸರಾಗವಾಗಿ ಓದುತ್ತಿದ್ದ ಕಾಗದ ಮೊಮ್ಮಕ್ಕಳಿಗೆ ಗೆರೆ, ಚುಕ್ಕೆ ಅಷ್ಟೇ. ಹೀಗಾಗಿ ಆಯಿ ಏನನ್ನೂ ಸುಡಬೇಕಿರಲಿಲ್ಲ, ಹೂಳಬೇಕಿರಲಿಲ್ಲ. ಕಾಗದ ಎಲ್ಲರ ಕೈಗೆ ಸಿಗುವ ಜಾಗದಲ್ಲೇ ಇತ್ತು.

ನಾಲ್ಕನೇ ಕಂತಿನಲ್ಲಿ ಮೊಮ್ಮಗಳಿಗೆ ಸಿಗುವುದು ವಿರಾಸತ್ ಕಾಗದ, ಅಂದರೆ ತಂದೆ ಸತ್ತ ಮೇಲೆ ಮಗಳ ಹೆಸರಿಗೆ ಆಸ್ತಿ ಮಾಡಿಕೊಟ್ಟ ಆದೇಶ. ಊರಿನ ನಿವೃತ್ತ ಉರ್ದು ಮೇಷ್ಟ್ರು ಓದಿಕೊಡುತ್ತಾರೆ. ಅಚ್ಚಾದ ಉರ್ದುವನ್ನು ನೀರಿನಂತೆ ಓದುವವರು. ಆದರೆ ಕಚೇರಿ ಕಾಗದಗಳ ಬರಹ ಶಿಕಸ್ತಾ ಶೈಲಿಯದು, ಚುಕ್ಕೆ ಬಿಟ್ಟು, ಅಕ್ಷರಕ್ಕೆ ಅಕ್ಷರ ಹೆಣೆದು ಓಡಿಸಿದ್ದು. ರೂಢಿ ಇಲ್ಲದವರು ಎಡವುತ್ತಾರೆ. ಅವರು ಓದಿದ್ದು: ವಾರಸುದಾರಳು ನೀಲಮ್ಮ, ನಾಬಾಲಿಗ್ (ಅಪ್ರಾಪ್ತೆ), ವಯಸ್ಸು 6, ಸನ್ 1355.

1355 ಎಂದರೆ ಹಿಜರಿ ಎಂದುಕೊಂಡು ಲೆಕ್ಕ ಹಾಕುತ್ತಾರೆ. ಹಿಜರಿ 1355 ಎಂದರೆ ಕ್ರಿ.ಶ. 1936-37. ಆರು ವರ್ಷದ ಹುಡುಗಿ ಹುಟ್ಟಿದ್ದು 1930ರ ಸುಮಾರಿಗೆ. ಆಯಿಯ ಆಧಾರ್ ಕಾರ್ಡಿನಲ್ಲಿ ಇರುವುದು 1940ರ ಜನವರಿ 1. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರ ಕಾರ್ಡಿನಲ್ಲಿ ಜನವರಿ 1 ಇರುವುದು ಎಲ್ಲರಿಗೂ ಗೊತ್ತು, ಆದರೂ ಹತ್ತು ವರ್ಷದ ಅಂತರ ಬರಲಾರದು. ಮೊಮ್ಮಗಳು ಹೀಗೆ ತಿಳಿಯುತ್ತಾಳೆ: ಆಯಿಗೊಬ್ಬ ಅಕ್ಕ ಇದ್ದಳು, ಚಿಕ್ಕಂದಿನಲ್ಲೇ ಸತ್ತಳು, ಆಕೆಯ ಹೆಸರನ್ನೇ ಆಮೇಲೆ ಹುಟ್ಟಿದ ಆಯಿಗೆ ಇಟ್ಟರು. ಸತ್ತ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಇಡುವುದು ಕೇಳದ ಮಾತಲ್ಲ. ದೆವ್ವ ಯಾಕೆ ಓಗೊಡುತ್ತದೆ, ದೆವ್ವದ ಮುಖದಲ್ಲಿ ಕಲೆ ಯಾಕಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ಐದನೇ ಕಂತು ಪೂರ್ತಿ ನೋಡುಗರು ಈ ಸುಳ್ಳು ಉತ್ತರದ ಮೇಲೆ ನೆಮ್ಮದಿಯಾಗಿ ಕೂರುತ್ತಾರೆ.

ಬಿರುಕು ಅದರೊಳಗೇ ಇತ್ತು. ವಿರಾಸತ್ ಆದದ್ದು ತಂದೆ ಸತ್ತ ಮೇಲೆ. ತಂದೆ 1936ರಲ್ಲೇ ಸತ್ತಿದ್ದರೆ 1940ರಲ್ಲಿ ಹುಟ್ಟಿದ ಆಯಿ ಯಾರ ಮಗಳು? ಆರನೇ ಕಂತಿನ ಕೊನೆಯ ಮಾತು ಇದು. ಮನೆಯ ಮಾನದ ಪ್ರಶ್ನೆ ಎದ್ದು, ಮೊಮ್ಮಗಳಿಗೂ ಆಕೆಯ ಕಾಕಾನಿಗೂ ಜಗಳ ಹತ್ತುತ್ತದೆ.

ಏಳನೇ ಕಂತಿನಲ್ಲಿ ಮೇಷ್ಟ್ರು ಕಾಗದವನ್ನು ಮತ್ತೆ ಕೇಳಿ ತರಿಸಿಕೊಂಡು ಬೆಳಕಿಗೆ ಹಿಡಿಯುತ್ತಾರೆ. ಸಂಸ್ಥಾನದಲ್ಲಿ ಕಂದಾಯಕ್ಕೆ ನಡೆಯುತ್ತಿದ್ದದ್ದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಹಿಜರಿಯಾದರೆ ವರ್ಷದ ಪಕ್ಕ ‘ಹೇ’ ಅಕ್ಷರ, ಫಸಲಿಯಾದರೆ ‘ಫೇ’. ಈ ಕಾಗದದಲ್ಲಿ ಆ ಜಾಗವನ್ನು ಹುಳ ತಿಂದಿದೆ. ಉಳಿದದ್ದು ‘ಫೇ’ ಅಕ್ಷರದ ಮೇಲಿನ ಒಂದು ಚುಕ್ಕೆ ಮಾತ್ರ. ಹಿಜರಿಯ ‘ಹೇ’ಗೆ ಚುಕ್ಕೆ ಇರುವುದಿಲ್ಲ. 1355ಕ್ಕೆ 590 ಕೂಡಿಸಿದರೆ 1945-46. ಆಗ ಆರು ವರ್ಷದವಳು ಹುಟ್ಟಿದ್ದು 1939ರ ಸುಮಾರಿಗೆ. ಅಂದರೆ ಅಕ್ಕ ಇರಲೇ ಇಲ್ಲ. ಕಾಗದದ ನೀಲಮ್ಮನೂ ಆಯಿಯೂ ಒಂದೇ ವಯಸ್ಸಿನ, ಒಂದೇ ಹೆಸರಿನ ಒಬ್ಬಳೇ. ಹಾಗಾದರೆ ಆರು ವರ್ಷದಲ್ಲೇ ಸತ್ತು ಕೋಣೆಯಲ್ಲಿ ಓಗೊಡುತ್ತಿರುವವಳು ಯಾರು, 82 ವರ್ಷ ಬಾಳಿ ಸತ್ತವಳು ಯಾರು?

ಈ ತಿರುವಿಗೆ ಒಂದು ವಿಶೇಷ ದೃಶ್ಯ ಬೇಕಾಗಲಿಲ್ಲ. ಒಂದು ಕಾಗದ, ಒಂದು ಕೂಡಿಸುವ ಲೆಕ್ಕ. ಚಿತ್ರೀಕರಣಕ್ಕೆ ಆ ಕಾಗದ ತಯಾರಿಸುವಾಗ ಮಾತ್ರ ಬಹಳ ಎಚ್ಚರ ಬೇಕಾಯಿತು. ಮೊದಲ ಕಾಗದವನ್ನು ಕಂಪ್ಯೂಟರಿನ ನಸ್ತಾಲಿಕ್ ಫಾಂಟಿನಲ್ಲಿ ಮುದ್ರಿಸಿ ಚಹಾ ನೀರಿನಲ್ಲಿ ಅದ್ದಿದ್ದರು. ಉರ್ದು ಬಲ್ಲ ನೋಡುಗರು ಈ ಭಾಗದಲ್ಲಿ ಮನೆಮನೆಗೂ ಇದ್ದಾರೆ, ಒಂದು ಕ್ಷಣದಲ್ಲಿ ಹಿಡಿಯುತ್ತಾರೆ. ಕೊನೆಗೆ ಕೈಬರಹ ಬಲ್ಲ ಹಿರಿಯರಿಂದ ಬೊರೂ (ಜೊಂಡಿನ) ಲೇಖನಿಯಲ್ಲಿ ಒಂದೇ ಬಗೆಯ ನಾಲ್ಕು ಪ್ರತಿ ಬರೆಸಿ, ಹುಳದ ತೂತನ್ನು ಅಳತೆ ಮಾಡಿ ಎಲ್ಲದರಲ್ಲೂ ಒಂದೇ ಜಾಗದಲ್ಲಿ ಕೊರೆಯಲಾಯಿತು. ಕ್ಲೋಸಪ್‌ನಲ್ಲಿ ಚುಕ್ಕೆ ಕಾಣುವ ಶಾಟ್ ನಾಲ್ಕನೇ ಕಂತಿನಲ್ಲೇ ಇದೆ. ಏಳನೇ ಕಂತು ನೋಡಿ ಹಿಂದಕ್ಕೆ ಹೋದವರಿಗೆ ಅದು ಅಲ್ಲೇ ಸಿಗುತ್ತದೆ.

ಚಿತ್ರೀಕರಣದ ತೊಡಕುಗಳು

ಮಗುವಿನ ಪಾತ್ರ ಮಾಡಿದ ಹುಡುಗಿಗೆ ಮುಂದಿನ ಹಲ್ಲು ಬಿದ್ದಿತ್ತು. ಆ ಬೋಡು ನಗುವೇ ದೆವ್ವದ ಗುರುತಾಯಿತು. ಮೊದಲ ಮತ್ತು ಎರಡನೇ ಶೆಡ್ಯೂಲ್ ನಡುವೆ ಹೊಸ ಹಲ್ಲು ಅರ್ಧ ಬೆಳೆದುಬಿಟ್ಟಿತು. ಹಲ್ಲಿಗೆ ಕಪ್ಪು ಬಣ್ಣ ಬಳಿದರೆ ಎಚ್‌ಡಿಯಲ್ಲಿ ಹೊಳೆಯುತ್ತದೆ. ಮಾತು ಕೂಡ ಬದಲಾಯಿತು, ‘ಸ’ ಅಕ್ಷರದಲ್ಲಿದ್ದ ಸೀಟಿ ಹೋಯಿತು. ಉಳಿದ ದೃಶ್ಯಗಳನ್ನು ಬೆನ್ನ ಕಡೆಯಿಂದ ತೆಗೆದು ಹಳೆಯ ದನಿಯನ್ನೇ ಜೋಡಿಸಬೇಕಾಯಿತು. ಆರೇಳು ವರ್ಷದ ಮಕ್ಕಳಿದ್ದರೆ ಅವರ ದೃಶ್ಯಗಳನ್ನೆಲ್ಲ ಒಂದೇ ಕಟ್ಟಿನಲ್ಲಿ, ಎಲ್ಲಕ್ಕಿಂತ ಮೊದಲು ಮುಗಿಸುವುದು ಲೇಸು.

ಬಾಲಕಲಾವಿದರ ಕಾನೂನಿನ ಲೆಕ್ಕವನ್ನೂ ಮೊದಲೇ ಹಾಕಬೇಕು. 2017ರ ನಿಯಮಗಳಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ 5 ತಾಸಿಗಿಂತ ಹೆಚ್ಚು ಕೆಲಸ ಸಲ್ಲದು, ವಿಶ್ರಾಂತಿ ಇಲ್ಲದೆ 3 ತಾಸು ದಾಟುವಂತಿಲ್ಲ, ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಅದರ ಹೆಸರಿನಲ್ಲೇ ಠೇವಣಿ ಇಡಬೇಕು. ದೆವ್ವದ ದೃಶ್ಯಗಳೆಲ್ಲ ರಾತ್ರಿಯವು. ಮಗುವನ್ನು ರಾತ್ರಿ ಎಬ್ಬಿಸಿ ಕೂಡಿಸುವುದು ಬೇಡವೆಂದು ಹಗಲಿನಲ್ಲೇ ರಾತ್ರಿ ಮಾಡಿದರು. ಇಳಿಬಿಸಿಲನ್ನು ಪಾತ್ರದ ಬೆನ್ನಿಗೆ ಇಟ್ಟುಕೊಂಡು, ಬಣ್ಣ ನೀಲಿಗೆ ತಿರುಗಲೆಂದು ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್, ಕತ್ತಲೆಗೆಂದು ಎಕ್ಸ್‌ಪೋಶರ್ ಎರಡು ಸ್ಟಾಪ್ ಕೆಳಗೆ, ಫ್ರೇಮಿನಲ್ಲಿ ಆಕಾಶ ಬರಕೂಡದು. ಶಹಾಬಾದ್ ಫರಸಿಯ ಅಂಗಳ ಬಿಸಿಲಿಗೆ ಬೆಳ್ಳಗೆ ಹೊಳೆದು ಮೋಸ ಬಯಲು ಮಾಡುತ್ತಿತ್ತು. ಪ್ರತಿ ಟೇಕಿಗೂ ನೀರು ಚಿಮುಕಿಸಿ ಕಪ್ಪಾಗಿಸಿದರು. ಏಪ್ರಿಲ್ ಬಿಸಿಲಿಗೆ ಆ ನೀರು ಟೇಕ್ ಮುಗಿಯುವ ಮೊದಲೇ ಆರುತ್ತಿತ್ತು. ಕಂದೀಲಿನೊಳಗೆ ಎಲ್‌ಇಡಿ ಇಟ್ಟಾಗ ಮಿಣುಕು ಕಂಡಿತು. ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50 ಸೆಕೆಂಡ್ ಇಟ್ಟು, ಬೆಳಕನ್ನು ಜನರೇಟರಿನಿಂದ ಬಿಡಿಸಿ ಬ್ಯಾಟರಿಗೆ ಹಾಕಿದ ಮೇಲೆ ನಿಂತಿತು.

ಆಯಿಯ ಪಾತ್ರವನ್ನು ಮೂರು ವಯಸ್ಸಿನಲ್ಲಿ ಮೂವರು ಮಾಡಿದ್ದಾರೆ. ಕಲೆಗಳು ಮೂವರ ಮುಖದಲ್ಲೂ ಅದದೇ ಜಾಗದಲ್ಲಿರಬೇಕು; ಅದಕ್ಕೆ ಪಾರದರ್ಶಕ ಹಾಳೆಯಲ್ಲಿ ಮುಖದ ನಕ್ಷೆ ಕೊರೆದು ಅಚ್ಚಿನಂತೆ ಬಳಸಿದರು. ಮೊದಲು ಅಂಟಿಸಿದ ಜೆಲಟಿನ್ ತುಣುಕುಗಳು ಬಿಸಿಲಿಗೆ ಮೆತ್ತಗಾಗಿ ಜಾರಿದವು. ಆಮೇಲೆ ರಿಜಿಡ್ ಕೊಲೋಡಿಯನ್ ಬಳಸಿದರು. ಅದು ಒಣಗುವಾಗ ಚರ್ಮವನ್ನು ಒಳಕ್ಕೆ ಎಳೆದು ನಿಜವಾದ ಕುಳಿ ಮಾಡುತ್ತದೆ. ಚರ್ಮಕ್ಕೆ ಉರಿ ಆಗಬಹುದಾದ್ದರಿಂದ ಬಾಲ್ಯದ ಆಯಿಗೆ ಅದನ್ನು ಹಚ್ಚದೆ ಬಣ್ಣದಲ್ಲೇ ಬಿಡಿಸಿದರು. ಇಲ್ಲಿ ಇನ್ನೊಂದು ತೊಡಕು: ಎಳೆಯ ನೋಡುಗರಿಗೆ ಸಿಡುಬಿನ ಕಲೆ ಗೊತ್ತೇ ಇಲ್ಲ, ಮೊಡವೆ ಅಂದುಕೊಂಡರು. ಕಾಕಾನ ಬಾಯಲ್ಲಿ ಒಂದು ಮಾತು ಸೇರಿಸಿದ ಮೇಲೆ ಸರಿಯಾಯಿತು.

ಗಾಳಿಕಿಂಡಿಯ ದೃಶ್ಯಕ್ಕೆ ಬೀದರಿನ ನೌಬಾದ್ ಬಳಿಯ ಸುರಂಗ ಬಾವಿ ಮಾದರಿ. ಬಹಮನಿ ಕಾಲದ ಆ ಕರೇಜ್ ಅನ್ನು ಜಂಬಿಟ್ಟಿಗೆ ನೆಲದಡಿ ಕೊರೆದು, ಅಂತರ್ಜಲವನ್ನು ಸಣ್ಣ ಇಳಿಜಾರಿನಲ್ಲಿ ಹರಿಸಿದ್ದಾರೆ. ಅಲ್ಲಲ್ಲಿ ಮೇಲಕ್ಕೆ ತೆರೆದ ಕಿಂಡಿಗಳಿವೆ. ಒಳಗೆ ಚಿತ್ರೀಕರಿಸುವ ಯೋಚನೆಯನ್ನೇ ಮಾಡಲಿಲ್ಲ. ಕಿಂಡಿಯ ಬಾಯನ್ನು ಕೆಂಪು ಜಂಬಿಟ್ಟಿಗೆಯಲ್ಲೇ ಸೆಟ್ ಹಾಕಿದರು. ಆಳ ಬರೀ ನಾಲ್ಕು ಅಡಿ, ತಳದಲ್ಲಿ ಫೋಮು.

ಕಥೆಯಲ್ಲಿ ಬರುವ ಬಿದರಿ ಪೆಟ್ಟಿಗೆಯನ್ನೂ ತಿದ್ದಬೇಕಾಯಿತು. ಮಣ್ಣಿನಡಿ ಸಿಕ್ಕದ್ದೆಂದು ಕಲಾ ವಿಭಾಗ ಅದಕ್ಕೆ ಕೆಂಪು ತುಕ್ಕು ಹಚ್ಚಿತ್ತು. ಬಿದರಿ ಸತು ಮತ್ತು ತಾಮ್ರದ ಮಿಶ್ರಲೋಹ, ಕಬ್ಬಿಣದ ತುಕ್ಕು ಅದಕ್ಕೆ ಹಿಡಿಯುವುದಿಲ್ಲ. ಕೋಟೆಯ ಮಣ್ಣು, ನವಸಾಗರದಿಂದ ಬಂದ ಕಪ್ಪು ಮಾಸಿ ಬೂದಾಗಿರಬೇಕು, ಬೆಳ್ಳಿಯ ಕುಸುರಿ ಮಂಕಾಗಿರಬೇಕು. ಬೀದರಿನವರು ನೋಡುವ ಧಾರಾವಾಹಿಯಲ್ಲಿ ಇದು ಸಣ್ಣ ವಿಷಯವಲ್ಲ.

ಸಂಭಾಷಣೆಯದ್ದೂ ಅದೇ ಕಥೆ. ಬೆಂಗಳೂರಿನಲ್ಲಿ ಬರೆದ ಮೊದಲ ಕರಡಿನ ತುಂಬ ‘ಐತಿ’, ‘ಹೋಗಾಕತ್ತೀನಿ’. ಅದು ಧಾರವಾಡದ ಕಡೆಯ ಮಾತು. ಇಲ್ಲಿ ‘ಅದ’, ‘ಹೋಗ್ಲತ್ತೀನಿ’. ಉತ್ತರ ಕರ್ನಾಟಕ ಎಂದರೆ ಒಂದೇ ಭಾಷೆ ಎಂದು ತಿಳಿದು ಬರೆದರೆ ಕಲಬುರಗಿಯವರು ಮೊದಲ ದೃಶ್ಯದಲ್ಲೇ ಹೊರನಡೆಯುತ್ತಾರೆ. ಸ್ಥಳೀಯ ಬರಹಗಾರರೊಬ್ಬರು ಹತ್ತೂ ಕಂತು ತಿದ್ದಿ, ಸೆಟ್ಟಿನಲ್ಲೂ ಕೂತರು.

ಐದನೇ ಕಂತಿನಲ್ಲಿದ್ದ ಭೂತೋಚ್ಚಾಟನೆಯ ದೃಶ್ಯವನ್ನು ಕೈಬಿಟ್ಟರು. ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮ ಕೇಬಲ್ ಟಿವಿ ಕಾರ್ಯಕ್ರಮ ಸಂಹಿತೆಗೆ ವಿರುದ್ಧ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಹಿಂಸಿಸುವುದು ಕರ್ನಾಟಕದ 2017ರ ಕಾಯ್ದೆಯಡಿ ಅಪರಾಧ. ಬಾಗಿಲವರೆಗೆ ಬಂದ ಮಂತ್ರವಾದಿಯನ್ನು ಮೊಮ್ಮಗಳೇ ಮರಳಿ ಕಳಿಸುತ್ತಾಳೆ: “ಅದು ಸಣ್ಣ ಕೂಸು ಅದರಿ, ಹೊಡಿಬ್ಯಾಡ್ರಿ.” ಕಾನೂನಿನ ಅಂಜಿಕೆಯಿಂದ ಬರೆದ ಈ ಸಾಲೇ ಪ್ರೊಮೋ ಆಯಿತು.

ಪ್ರಸಾರದ ನಂತರ

ಏಳನೇ ಕಂತಿನ ಗುಟ್ಟು ಉಳಿಯಿತು. ನೋಡುಗರು ಊಹಿಸಿದ್ದು ಅಕ್ಕನನ್ನು, ತಂಡಕ್ಕೆ ಬೇಕಾಗಿದ್ದೂ ಅದೇ. ಹಲವರು ಮನೆಯ ಹಳೆ ಕಾಗದ ತೆಗೆದು ಫಸಲಿ ವರ್ಷ ಲೆಕ್ಕ ಹಾಕಿ ವಾಹಿನಿಗೆ ಬರೆದರು.

ಸೋತದ್ದು ಕೊನೆಯ ಎರಡು ಕಂತು. ಗುಟ್ಟು ಬಿಚ್ಚಿದ ಮೇಲೆ ಆಸ್ತಿ ಯಾರದ್ದು ಎಂದು ಎಲ್ಲರೂ ಕೇಳಿದರು. ಧಾರಾವಾಹಿ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತು ಮುಗಿಸಿತು. ಮೊಮ್ಮಗಳು ದಾಯಾದಿಗಳ ಕೈಹಿಡಿದು ಅಳುತ್ತಾಳೆ, ಅಷ್ಟೇ. ಕಾಗದದ ಮೇಲೆ ಇಷ್ಟು ಬಿಗಿಯಾಗಿ ನಡೆದ ಕಥೆಗೆ ಈ ಮುಕ್ತಾಯ ಸಾಲದು.

ಬೇಕಾದ ಸರಕು ಕೈಯಲ್ಲೇ ಇತ್ತು ಎಂಬುದು ಹೆಚ್ಚು ನೋವಿನ ಮಾತು. ಸ್ಥಿರಾಸ್ತಿಯ ಸ್ವಾಧೀನ ಕೇಳುವ ದಾವೆಗೆ ಸಾಮಾನ್ಯವಾಗಿ 12 ವರ್ಷದ ಕಾಲಮಿತಿ. ಮೋಸದಿಂದ ಮುಚ್ಚಿಟ್ಟಿದ್ದರೆ ಅದು ಗೊತ್ತಾದ ಮೇಲೆ ಕಾಲ ಎಣಿಸಬೇಕೆಂದು ವಾದಿಸಬಹುದು. ದಾಯಾದಿಗಳು ಹಾಗೆ ವಾದಿಸಿದರೆ ಗೆಲ್ಲುವ ದಾರಿ ಇದೆ, ಆದರೆ ತಮಗೆ ಇದು ಈಗಷ್ಟೇ ತಿಳಿಯಿತು ಎಂದು ತೋರಿಸಬೇಕು. ಸುಗ್ಗಿಗೊಮ್ಮೆ ಅವರ ಮನೆಗೆ ಹೋಗುತ್ತಿದ್ದ ಎರಡು ಚೀಲ ಜೋಳ, ಅವರ ಹಿರಿಯನಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ. ಬಾಯಿ ಮುಚ್ಚಿಸಲು ಕೊಟ್ಟ ಜೋಳವೇ ಆಯಿಯ ಮಕ್ಕಳ ಹೊಲ ಉಳಿಸುತ್ತಿತ್ತು. ಅದಕ್ಕಾಗಿ ಮೊಮ್ಮಗಳು ತುಂಬಿದ ಕೋರ್ಟಿನಲ್ಲಿ ನಿಂತು, ತನ್ನ ಅಜ್ಜಿ ನೀಲಮ್ಮ ಅಲ್ಲ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಕೋಷ್ಟಕದಲ್ಲಿ ಆ ಖಾನೆ ತುಂಬಿಯೇ ಇತ್ತು. ಹತ್ತನೇ ಕಂತು ಬರೆಯುವ ಅವಸರದಲ್ಲಿ ಯಾರೂ ತಿರುಗಿ ನೋಡಲಿಲ್ಲ.

ವಾಹಿನಿ ಎರಡನೇ ಭಾಗ ಕೇಳಿದಾಗ ಮೊದಲ ಬೇಡಿಕೆ, ದೆವ್ವ ಮರಳಿ ಬರಲಿ ಎಂಬುದಾಗಿತ್ತು. ಮಗುವಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ, ಹಾಗಾಗಿ ಹೇಳುವುದೂ ಇಲ್ಲ ಎಂದು ತಂಡ ಅದನ್ನು ಒಪ್ಪಲಿಲ್ಲ. ಎರಡನೇ ಭಾಗ ದಾಯಾದಿಗಳ ದಾವೆಯಿಂದ ಶುರುವಾಗುತ್ತದೆ. ವಕೀಲರೂ ಉರ್ದು ಮೇಷ್ಟ್ರೂ ಈ ಸಲ ಒನ್‌ಲೈನ್ ಹಂತದಿಂದಲೇ ಮೇಜಿನಲ್ಲಿದ್ದಾರೆ.